ಮಕ್ಕಳನ್ನು ಮಂಗಳಕ್ಕೆ ಕಳಿಸುವವರಿಗೆ ಮನ್ನಣೆ

ಅಮೆರಿಕದ ಹಲವು ಊರುಗಳಲ್ಲಿ ಚಾಲೆಂಜರ್ ಲರ್ನಿಂಗ್ ಸೆಂಟರ್ ಎಂಬ ಕಲಿಕಾ ಕೇಂದ್ರಗಳಿವೆ. ಶಾಲೆಯ ಬಸ್ಸಿನಿಂದ ಇಳಿದ ಮಕ್ಕಳು ಅಲ್ಲಿ ಸುಮಾರು ಎರಡು ಗಂಟೆ ಗಗನಯಾನಿಗಳಾಗುತ್ತಾರೆ. ಅರ್ಧ ತರಗತಿ ಬಾಹ್ಯಾಕಾಶ ನೌಕೆಯಂತೆ ಕಟ್ಟಿದ ಕೋಣೆಯೊಳಗೆ ಹೋಗುತ್ತದೆ, ಉಳಿದರ್ಧ ಭೂಮಿಯ ನಿಯಂತ್ರಣ ಕೊಠಡಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತದೆ. ಚಂದ್ರನಿಗೋ ಮಂಗಳಕ್ಕೋ ಧೂಮಕೇತುವಿನ ಬಳಿಗೋ ಪಯಣ. ಈ ಆಟದ ಪಯಣಕ್ಕೇ ಮಿಷನ್ ಎಂದು ಹೆಸರು. ನಡುವೆ ಆಮ್ಲಜನಕ ಸೋರುತ್ತದೆ, ಎಚ್ಚರಿಕೆಯ ಗಂಟೆ ಮೊಳಗುತ್ತದೆ, ಮಕ್ಕಳು ಲೆಕ್ಕ ಹಾಕಿ, ಮಾತಾಡಿಕೊಂಡು, ನೌಕೆಯನ್ನು ಉಳಿಸಿಕೊಳ್ಳುತ್ತಾರೆ.

ಈ ಕೇಂದ್ರಗಳು ಹುಟ್ಟಿದ್ದು ದೊಡ್ಡದೊಂದು ದುಃಖದಿಂದ. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಉಡಾವಣೆಯಾದ 73 ಸೆಕೆಂಡುಗಳಲ್ಲಿ ಛಿದ್ರವಾಗಿ, ಒಳಗಿದ್ದ ಏಳೂ ಮಂದಿ ತೀರಿಕೊಂಡರು. ಅವರಲ್ಲೊಬ್ಬರು ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಕಾಂಕರ್ಡ್ ಊರಿನ ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್. 11,000ಕ್ಕೂ ಹೆಚ್ಚು ಶಿಕ್ಷಕರು ಹಾಕಿದ್ದ ಅರ್ಜಿಗಳಲ್ಲಿ ಆಯ್ಕೆಯಾಗಿದ್ದ ಅವರು ಕಕ್ಷೆಯಿಂದಲೇ ಮಕ್ಕಳಿಗೆ ಪಾಠ ಹೇಳಬೇಕಿತ್ತು. ಅದೇ ವರ್ಷ ಏಳು ಕುಟುಂಬಗಳೂ ಸೇರಿ, ಆ ಪಾಠ ನಿಲ್ಲಬಾರದೆಂದು ಚಾಲೆಂಜರ್ ಸೆಂಟರ್ ಸಂಸ್ಥೆ ಕಟ್ಟಿದವು. ನೌಕೆಯ ಕಮಾಂಡರ್ ಡಿಕ್ ಸ್ಕೋಬಿಯವರ ಪತ್ನಿ, ಸ್ವತಃ ಶಿಕ್ಷಣತಜ್ಞೆಯಾಗಿದ್ದ ಜೂನ್ ಸ್ಕೋಬಿ ಅದರ ಮುಂದಾಳತ್ವ ವಹಿಸಿದರು. 1988ರಲ್ಲಿ ಹ್ಯೂಸ್ಟನ್ನಿನ ನಿಸರ್ಗ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಮೊದಲ ಕೇಂದ್ರ ತೆರೆಯಿತು. ಮೆಕಾಲಿಫ್ ಸಿದ್ಧಪಡಿಸಿದ್ದ ಪಾಠಗಳಲ್ಲಿ ಕೆಲವನ್ನು 2018ರಲ್ಲಿ ಗಗನಯಾನಿಗಳಾದ ಜೋ ಅಕಾಬಾ ಮತ್ತು ರಿಕಿ ಆರ್ನಲ್ಡ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಮಾಡಿ ತೋರಿಸಿದರು. ಆ ಇಬ್ಬರೂ ಹಿಂದೆ ಶಿಕ್ಷಕರಾಗಿದ್ದವರೇ.

ಇಂಥ ಕೇಂದ್ರವನ್ನು ದಿನನಿತ್ಯ ನಡೆಸುವವರು ಕೆಲವೇ ಸಂಬಳದ ಸಿಬ್ಬಂದಿ ಮತ್ತು ಸಂಬಳವಿಲ್ಲದ ಸ್ವಯಂಸೇವಕರು. ಅವರ ದುಡಿಮೆಯನ್ನು ಗುರುತಿಸುವ ಕೆಲಸ ವರ್ಷಕ್ಕೊಂದು ಸಮಾರಂಭದಲ್ಲಿ ಮುಗಿಯುವುದಿಲ್ಲ. ಯಾರನ್ನು, ಯಾವ ಕಾರಣಕ್ಕೆ, ಯಾರ ಕೈಯಿಂದ ಗೌರವಿಸುತ್ತೇವೆ ಎಂಬುದನ್ನು ನೋಡಿಯೇ ಉಳಿದವರು ಈ ಸಂಸ್ಥೆಯಲ್ಲಿ ಯಾವುದಕ್ಕೆ ಬೆಲೆಯಿದೆ ಎಂದು ಅರಿತುಕೊಳ್ಳುತ್ತಾರೆ, ನಾಳೆ ಹಾಗೆಯೇ ನಡೆಯುತ್ತಾರೆ. ಆದ್ದರಿಂದ ಮನ್ನಣೆಯನ್ನೂ ಮಿಷನ್ನಿನಷ್ಟೇ ಎಚ್ಚರದಿಂದ ಯೋಜಿಸಬೇಕು. ಅದು ನಡೆಯುವ ಬಗೆ ಹೀಗಿದೆ.

ಮೊದಲು ಕೆಲಸ ಕಾಣಬೇಕು

ಗೌರವಿಸಲು ಹೊರಟವರು ಮೊದಲು ಕೆಲಸಗಳ ಪಟ್ಟಿ ಮಾಡಬೇಕು. ಚಾಲೆಂಜರ್ ಕೇಂದ್ರದ ಒಂದು ಮಿಷನ್ನನ್ನೇ ತೆಗೆದುಕೊಳ್ಳೋಣ. ಎಲ್ಲರಿಗೂ ಕಾಣುವವರು ಫ್ಲೈಟ್ ಡೈರೆಕ್ಟರ್. ಮಕ್ಕಳನ್ನು ಸ್ವಾಗತಿಸುವುದು, ಧ್ವನಿಯಲ್ಲೇ ಉದ್ವೇಗ ಹುಟ್ಟಿಸುವುದು, ಹಿಂಜರಿಯುವ ಮಗುವಿಗೆ ಧೈರ್ಯ ತುಂಬುವುದು, ಯಾವ ಕ್ಷಣಕ್ಕೆ ಯಾವ ತುರ್ತುಸ್ಥಿತಿ ಬರಬೇಕೆಂದು ತೀರ್ಮಾನಿಸುವುದು ಅವರ ಕೆಲಸ. ಮಕ್ಕಳು ಸಂಚಾರ, ಸಂಪರ್ಕ, ಜೀವರಕ್ಷಣೆ, ವೈದ್ಯಕೀಯ, ಶೋಧನೌಕೆ ಎಂದು ತಂಡಗಳಾಗಿ ಕೂತಿರುತ್ತಾರೆ. ಮಿಷನ್ ಅರ್ಧಕ್ಕೆ ಬಂದಾಗ ನೌಕೆಯವರು ನಿಯಂತ್ರಣ ಕೊಠಡಿಗೆ, ಅಲ್ಲಿದ್ದವರು ನೌಕೆಗೆ ಬದಲಾಗುತ್ತಾರೆ.

ಇದರ ಹಿಂದೆ ಕಾಣದ ಕೆಲಸಗಳ ಸಾಲೇ ಇದೆ. ಒಂದು ತರಗತಿ ಹೊರಟು ಇನ್ನೊಂದು ಬರುವಷ್ಟರಲ್ಲಿ ಬಿಚ್ಚಿಟ್ಟ ಶೋಧನೌಕೆಯ ಭಾಗಗಳು ಮತ್ತೆ ತಮ್ಮ ಪೆಟ್ಟಿಗೆ ಸೇರಬೇಕು. ಕಲ್ಲಿನ ಮಾದರಿಗಳು ತಕ್ಕಡಿಯ ಪಕ್ಕ ಸರಿಯಾದ ಕ್ರಮದಲ್ಲಿರಬೇಕು. ಹೆಡ್‌ಫೋನುಗಳನ್ನು ಒರೆಸಿ, ಒಂದೊಂದರ ಮೈಕನ್ನೂ ಪರೀಕ್ಷಿಸಬೇಕು. ಯಾಂತ್ರಿಕ ಕೈ ಅಲುಗಾಡದೆ ನಿಂತರೆ ಬಿಚ್ಚಿ ನೋಡುವವರು ಬೇಕು. ವಾರಗಳ ಮೊದಲೇ ಶಾಲೆಯ ಶಿಕ್ಷಕರಿಗೆ ಪೂರ್ವತಯಾರಿಯ ಪಾಠ ತಲುಪಿರಬೇಕು, ಯಾವ ಮಗುವಿಗೆ ಯಾವ ಹುದ್ದೆ ಎಂಬ ಪಟ್ಟಿ ಬಂದಿರಬೇಕು. ಗಾಲಿಕುರ್ಚಿಯಲ್ಲಿ ಬರುವ ಮಗುವಿದ್ದರೆ ಯಾವ ಮೇಜನ್ನು ಸರಿಸಬೇಕೆಂದು ಯಾರೋ ಯೋಚಿಸಿರಬೇಕು. ಸಂಜೆ ಲೆಕ್ಕಪತ್ರ, ರಾತ್ರಿ ಗುಡಿಸುವಿಕೆ. ಇವುಗಳ ಮೇಲೆ ದೇಣಿಗೆ ಹೊಂದಿಸುವ ಆಡಳಿತ ಮಂಡಳಿ. ಆ ಸದಸ್ಯರಲ್ಲಿ ಹೆಚ್ಚಿನವರು ಸಂಭಾವನೆ ಪಡೆಯದವರು, ಹಾಗಾಗಿ ಅವರೂ ಸ್ವಯಂಸೇವಕರೇ.

ಮದುವೆ ಮನೆಯಲ್ಲಿ ಬಡಿಸುವವರನ್ನು ಎಲ್ಲರೂ ನೋಡುತ್ತಾರೆ, ಒಲೆಯ ಮುಂದೆ ನಿಂತವರನ್ನು ಹುಡುಕಿಕೊಂಡು ಹೋದವರಷ್ಟೇ ನೋಡುತ್ತಾರೆ. ಕಲಿಕಾ ಕೇಂದ್ರದಲ್ಲೂ ಹೀಗೆ ಹುಡುಕದಿದ್ದರೆ ಗೌರವವೆಲ್ಲ ಮೈಕ್ ಹಿಡಿದವರ ಪಾಲಾಗುತ್ತದೆ. ಪಟ್ಟಿ ಮಾಡುವಾಗ ಪ್ರತಿ ಕೆಲಸದ ಮುಂದೆ ಅದನ್ನು ಮಾಡುವವರ ಹೆಸರು ಬರೆದು, ಕಳೆದ ಎರಡು ವರ್ಷಗಳಲ್ಲಿ ಒಮ್ಮೆಯೂ ಹೆಸರು ಹೇಳಿಸಿಕೊಳ್ಳದವರು ಯಾರೆಂದು ಗುರುತು ಹಾಕಬೇಕು. ಮೊದಲು ಹೋಗಬೇಕಾದದ್ದು ಅವರ ಬಳಿಗೆ.

ಸಿಬ್ಬಂದಿಗೊಂದು ರೀತಿ, ಸ್ವಯಂಸೇವಕರಿಗೊಂದು ರೀತಿ

ಇಬ್ಬರೂ ಒಂದೇ ಕೋಣೆಯಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟು ದುಡಿಯುತ್ತಾರಾದರೂ ಅವರ ನೆಲೆ ಬೇರೆ. ಸಿಬ್ಬಂದಿಗೆ ಸಿಗಬೇಕಾದ ಮೊದಲ ಗೌರವ ನ್ಯಾಯವಾದ ಸಂಬಳ, ನಿಗದಿಯಾದ ರಜೆ, ಮುಂದಿನ ಹುದ್ದೆಯ ದಾರಿ. ಇವು ಇಲ್ಲದ ಕಡೆ ಎಷ್ಟು ಫಲಕ ಕೊಟ್ಟರೂ ಅದು ಬಾಕಿ ಉಳಿಸಿಕೊಂಡು ಬೆನ್ನು ತಟ್ಟಿದಂತಾಗುತ್ತದೆ. ಸ್ವಯಂಸೇವಕರು ಸಂಬಳ ಕೇಳಿ ಬಂದವರಲ್ಲ. ತಮ್ಮ ಸಮಯ ವ್ಯರ್ಥವಾಗಲಿಲ್ಲ, ತಾವಿದ್ದದ್ದರಿಂದ ಒಂದು ಮಗುವಿಗೆ ಏನೋ ಹೊಳೆಯಿತು ಎಂಬ ಖಾತ್ರಿ ಅವರಿಗೆ ಬೇಕು.

ಅಮೆರಿಕದ ಕಾನೂನೂ ಈ ವ್ಯತ್ಯಾಸವನ್ನು ಕಾಪಾಡುತ್ತದೆ. 1938ರ ನ್ಯಾಯಯುತ ಕಾರ್ಮಿಕ ಮಾನದಂಡ ಕಾಯ್ದೆಯ ಪ್ರಕಾರ, ಲಾಭರಹಿತ ಸಂಸ್ಥೆಯ ನೌಕರರು ತಾವು ಸಂಬಳಕ್ಕೆ ಮಾಡುವಂಥದ್ದೇ ಕೆಲಸವನ್ನು ಅದೇ ಸಂಸ್ಥೆಗೆ ಪುಕ್ಕಟೆಯಾಗಿ ಮಾಡುವಂತಿಲ್ಲ. ಅಂದರೆ ವಾರದ ದಿನ ಫ್ಲೈಟ್ ಡೈರೆಕ್ಟರ್ ಆಗಿರುವವರಿಂದ ಶನಿವಾರದ ಮಿಷನ್ನನ್ನು ಸೇವೆಯ ಹೆಸರಿನಲ್ಲಿ ಮಾಡಿಸಿಕೊಂಡು, ಕೊನೆಗೆ ತ್ಯಾಗಮಯಿ ಎಂದು ಹೊಗಳಿ ಮುಗಿಸುವ ಹಾಗಿಲ್ಲ. ಆ ದುಡಿಮೆಗೆ ಕೂಲಿ ಕೊಡಬೇಕು.

ಉಡುಗೊರೆಯಲ್ಲೂ ನಿಯಮವಿದೆ. ನೌಕರರಿಗೆ ಕೊಡುವ ನಗದು, ಅಂಗಡಿಯ ಗಿಫ್ಟ್ ಕಾರ್ಡ್ ಎಷ್ಟೇ ಸಣ್ಣ ಮೊತ್ತದ್ದಾದರೂ ಅಲ್ಲಿನ ತೆರಿಗೆ ಇಲಾಖೆಯ ಕಣ್ಣಿಗೆ ಅದು ಸಂಬಳವೇ. ಹೂಗುಚ್ಛ, ಕಾಫಿ ಲೋಟ, ಒಂದು ಊಟ ಮುಂತಾದ ಚಿಕ್ಕಪುಟ್ಟ ವಸ್ತುಗಳಿಗೆ ವಿನಾಯಿತಿ ಉಂಟು. ದೀರ್ಘಸೇವೆಯ ಗೌರವವೆಂದು ಕೊಡುವ ಗಡಿಯಾರದಂಥ ವಸ್ತುವಿಗೆ ತೆರಿಗೆ ವಿನಾಯಿತಿ ಬೇಕೆಂದರೆ ನೌಕರಿಯ ಮೊದಲ ಐದು ವರ್ಷ ಕಳೆದಿರಬೇಕು. ಐದು, ಹತ್ತು, ಹದಿನೈದು ಎಂದು ಅಲ್ಲಿನ ಸಂಸ್ಥೆಗಳು ಸೇವಾಪದಕದ ಮೆಟ್ಟಿಲು ಇಡುವ ರೂಢಿಗೆ ಈ ನಿಯಮವೂ ಹೊಂದಿಕೊಳ್ಳುತ್ತದೆ. ಸ್ವಯಂಸೇವಕರಿಗೆ ಮಾತ್ರ ಗಂಟೆಗಿಷ್ಟು ಎಂದು ಲೆಕ್ಕ ಹಾಕಿ ಏನನ್ನೂ ಕೊಡಬಾರದು. ಹಾಗೆ ಕೊಟ್ಟರೆ ಸೇವೆ ಕೂಲಿಯಾಗಿಬಿಡುತ್ತದೆ.

ಗಂಟೆಗಳ ಪುಸ್ತಕ

ಸ್ವಯಂಸೇವಕರ ಮನ್ನಣೆಗೆ ಬುನಾದಿ ಹಾಜರಿ ಪುಸ್ತಕ. ಬಂದ ಹೊತ್ತು, ಹೋದ ಹೊತ್ತು, ಮಾಡಿದ ಕೆಲಸ, ಈ ಮೂರು ಕಾಲಂ ಸಾಕು. ಕಂಪ್ಯೂಟರಿನಲ್ಲಿರಲಿ, ಬಾಗಿಲ ಬಳಿಯ ಮೇಜಿನ ಮೇಲಿನ ಗೆರೆಪುಸ್ತಕದಲ್ಲಿರಲಿ, ಅದನ್ನು ತಪ್ಪದೆ ತುಂಬಿಸುವ ಹೊಣೆ ಒಬ್ಬರ ಮೇಲಿರಬೇಕು. ನೆನಪಿನ ಮೇಲೆ ಗೌರವ ಕೊಡಲು ಹೊರಟರೆ ನಿನ್ನೆ ಎದುರಿಗೆ ಬಂದವರು ಮಾತ್ರ ನೆನಪಾಗುತ್ತಾರೆ.

ಅಮೆರಿಕದಲ್ಲಿ ಈ ಲೆಕ್ಕಕ್ಕೆ ರಾಷ್ಟ್ರಮಟ್ಟದ ಬಳಕೆಯೂ ಬಂತು. 2003ರಲ್ಲಿ ಅಧ್ಯಕ್ಷರ ಸ್ವಯಂಸೇವಾ ಪ್ರಶಸ್ತಿ ಎಂಬ ಯೋಜನೆ ಶುರುವಾಯಿತು. ಅದರಲ್ಲಿ 26 ವರ್ಷ ತುಂಬಿದವರು ಹನ್ನೆರಡು ತಿಂಗಳಲ್ಲಿ 100 ಗಂಟೆ ದುಡಿದರೆ ಕಂಚು, 250 ಗಂಟೆಗೆ ಬೆಳ್ಳಿ, 500 ಗಂಟೆಗೆ ಚಿನ್ನ ಎಂದು ಮಟ್ಟಗಳನ್ನು ಇಟ್ಟರು. 11ರಿಂದ 15ರ ವಯಸ್ಸಿನವರಿಗೆ 50 ಗಂಟೆಯಿಂದಲೇ ಕಂಚು. ಇಡೀ ಜೀವಮಾನದ ಸೇವೆಗೆ 4,000 ಗಂಟೆಗಳ ಮಟ್ಟವಿತ್ತು. ವಾರಕ್ಕೆ ನಾಲ್ಕು ಗಂಟೆಯಂತೆ ವರ್ಷಕ್ಕೆ 50 ವಾರ ದುಡಿದರೂ ಅಲ್ಲಿಗೆ ಮುಟ್ಟಲು 20 ವರ್ಷ ಬೇಕಾಗುತ್ತಿತ್ತು. ನಿವೃತ್ತರಾದ ಮೇಲೆ ಬಂದು, ಮೊಮ್ಮಕ್ಕಳ ವಯಸ್ಸಿನವರಿಗೆ ಹೆಡ್‌ಫೋನ್ ತೊಡಿಸುತ್ತ ಅಷ್ಟು ಕಾಲ ನಿಂತವರನ್ನು ನೆನೆದರೆ ಆ ಅಂಕಿಯ ತೂಕ ಗೊತ್ತಾಗುತ್ತದೆ.

ಗಂಟೆಗಳಿಗೆ ಇನ್ನೊಂದು ಉಪಯೋಗವಿದೆ. ಇಂಡಿಪೆಂಡೆಂಟ್ ಸೆಕ್ಟರ್ ಎಂಬ ಸಂಸ್ಥೆ ಅಮೆರಿಕದಲ್ಲಿ ಸ್ವಯಂಸೇವೆಯ ಒಂದು ಗಂಟೆಯ ಅಂದಾಜು ಮೌಲ್ಯವನ್ನು ವರ್ಷವರ್ಷವೂ ಪ್ರಕಟಿಸುತ್ತದೆ. 2023ಕ್ಕೆ ಅದು 33.49 ಡಾಲರ್. ಒಬ್ಬರು ವರ್ಷಕ್ಕೆ 200 ಗಂಟೆ ಕೊಟ್ಟರೆ ಸುಮಾರು 6,700 ಡಾಲರ್ ದೇಣಿಗೆ ಕೊಟ್ಟಂತಾಯಿತು. ಅನುದಾನದ ಅರ್ಜಿ ಬರೆಯುವಾಗ ಕೇಂದ್ರಗಳು ಸಮುದಾಯದ ಬೆಂಬಲಕ್ಕೆ ಪುರಾವೆಯಾಗಿ ಈ ಲೆಕ್ಕ ಕೊಡುತ್ತವೆ. ವಾರ್ಷಿಕ ವರದಿಯಲ್ಲಿ ಹಣ ಕೊಟ್ಟವರ ಹೆಸರಿನ ಪಕ್ಕದಲ್ಲೇ ಸಮಯ ಕೊಟ್ಟವರ ಹೆಸರನ್ನೂ ಅಚ್ಚು ಹಾಕಿದರೆ, ಖರ್ಚಿಲ್ಲದೆಯೇ ದೊಡ್ಡ ಗೌರವ ಸಲ್ಲುತ್ತದೆ.

ಆದರೆ ಗಂಟೆಯೇ ಎಲ್ಲವೂ ಆಗಬಾರದು. ಎರಡು ಪಾಳಿ ದುಡಿಯುವ ತಾಯಿಯೊಬ್ಬರು ತಿಂಗಳಿಗೊಂದು ಭಾನುವಾರ ಬಂದು ಕೆಟ್ಟ ಸರ್ಕ್ಯೂಟುಗಳನ್ನು ಬೆಸುಗೆ ಹಾಕಿ ಕೊಟ್ಟು ಹೋಗಬಹುದು. ಗಂಟೆಯ ಪಟ್ಟಿಯಲ್ಲಿ ಅವರ ಹೆಸರು ಕೆಳಗೆ ಇರುತ್ತದೆ. ಆ ಸರ್ಕ್ಯೂಟುಗಳಿಲ್ಲದೆ ಸೋಮವಾರದ ಮಿಷನ್ ನಡೆಯುವುದಿಲ್ಲ. ಗಂಟೆಯನ್ನು ಗೌರವಿಸಲು ಒಂದು ಏರ್ಪಾಡಿದ್ದರೆ, ಪರಿಣಾಮವನ್ನು ಗೌರವಿಸಲು ಇನ್ನೊಂದು ಇರಲೇಬೇಕು.

ಬೆಳ್ಳಿಯ ಸ್ನೂಪಿ ಕಲಿಸುವ ಪಾಠ

ಪರಿಣಾಮವನ್ನು ಗೌರವಿಸುವ ಬಗೆಗೆ ಬಾಹ್ಯಾಕಾಶ ಲೋಕದಲ್ಲೇ ಒಂದು ಒಳ್ಳೆಯ ಮಾದರಿ ಇದೆ. 1967ರ ಜನವರಿಯಲ್ಲಿ ಅಪೊಲೊ 1ರ ಪರೀಕ್ಷೆಯ ವೇಳೆ ಬೆಂಕಿ ಹತ್ತಿ ಮೂವರು ಗಗನಯಾನಿಗಳು ಸತ್ತರು. ಸುರಕ್ಷತೆಯ ಅರಿವನ್ನು ಪ್ರತಿಯೊಬ್ಬ ಕೆಲಸಗಾರನ ಮನಸ್ಸಿಗೂ ಮುಟ್ಟಿಸುವ ದಾರಿಗಾಗಿ ನಾಸಾ ಹುಡುಕಿತು. ಪೀನಟ್ಸ್ ವ್ಯಂಗ್ಯಚಿತ್ರಮಾಲೆಯ ಚಾರ್ಲ್ಸ್ ಶುಲ್ಜ್ ತಮ್ಮ ಸ್ನೂಪಿ ನಾಯಿಯನ್ನು ಬಳಸಿಕೊಳ್ಳಲು ಒಪ್ಪಿದರು. 1968ರಲ್ಲಿ ಸಿಲ್ವರ್ ಸ್ನೂಪಿ ಪ್ರಶಸ್ತಿ ಆರಂಭವಾಯಿತು. ಗಗನಯಾನಿಯ ಉಡುಪು ತೊಟ್ಟ ಸ್ನೂಪಿಯ ಪುಟ್ಟ ಬೆಳ್ಳಿ ಪಿನ್ ಅದು. ಮರುವರ್ಷ ಮೇ ತಿಂಗಳಲ್ಲಿ ಅಪೊಲೊ 10ರ ಚಂದ್ರನೌಕೆಗೂ ಸ್ನೂಪಿ ಎಂದೇ ಹೆಸರಿಟ್ಟರು.

ಈ ಪಿನ್ನಿಗೆ ಅಷ್ಟು ಬೆಲೆ ಬಂದದ್ದು ಅದನ್ನು ಕೊಡುವ ಕ್ರಮದಿಂದ. ಮೊದಲನೆಯದಾಗಿ, ಕೊಡುವವರು ಗಗನಯಾನಿಗಳೇ. ಆ ನೌಕರನ ಕೆಲಸದ ಮೇಲೆ ತಮ್ಮ ಪ್ರಾಣ ಇಟ್ಟು ಹೋದವರು ಬಂದು ಪಿನ್ ಚುಚ್ಚುತ್ತಾರೆ. ಎರಡನೆಯದಾಗಿ, ಅವರು ಕೆಲಸದ ಜಾಗಕ್ಕೇ ಬರುತ್ತಾರೆ, ಜೊತೆಗೆ ದುಡಿಯುವವರ ಎದುರಿಗೇ ಕೊಡುತ್ತಾರೆ. ಮೂರನೆಯದಾಗಿ, ಆ ಪಿನ್ ಬಾಹ್ಯಾಕಾಶಕ್ಕೆ ಹೋಗಿ ಬಂದದ್ದಾಗಿರುತ್ತದೆ. ನಾಲ್ಕನೆಯದಾಗಿ, ವರ್ಷಕ್ಕೆ ಶೇ 1ಕ್ಕಿಂತ ಕಡಿಮೆ ಮಂದಿಗಷ್ಟೇ ಅದು ಸಿಗುತ್ತದೆ. ಐದನೆಯದಾಗಿ, ಉನ್ನತ ಅಧಿಕಾರಿಗಳಿಗೆ ಅದನ್ನು ಕೊಡುವುದಿಲ್ಲ. ಹಾರಾಟದ ಸುರಕ್ಷತೆಗೆ ಕೈಯಾರೆ ದುಡಿದವರಿಗೆ ಅದು ಮೀಸಲು.

ಕಲಿಕಾ ಕೇಂದ್ರಕ್ಕೆ ಈ ಐದನ್ನೂ ಹೊಂದಿಸಿಕೊಳ್ಳಬಹುದು. ಅಲ್ಲಿ ಗಗನಯಾನಿಗಳ ಜಾಗದಲ್ಲಿರುವವರು ಮಕ್ಕಳು ಮತ್ತು ಅವರನ್ನು ಕರೆತಂದ ಶಿಕ್ಷಕರು. ಆದ್ದರಿಂದ ಗೌರವ ಅವರಿಂದ ಬರಲಿ. ಮಿಷನ್ ಮುಗಿದ ಮೇಲೆ ಮಕ್ಕಳು ಬರೆದ ಪತ್ರಗಳಲ್ಲಿ ಯಾವ ಸ್ವಯಂಸೇವಕರ ಪ್ರಸ್ತಾಪವಿದೆಯೋ ಅವರ ಕೈಗೇ ಆ ಪತ್ರ ತಲುಪಲಿ. ಹೆಚ್ಚಿನ ಕಡೆ ಅಂಥ ಪತ್ರ ನಿರ್ದೇಶಕರ ಕಪಾಟಿನಲ್ಲಿ ಉಳಿದುಬಿಡುತ್ತದೆ. ಗೌರವ ಕೊಡುವ ಜಾಗ ನಿಯಂತ್ರಣ ಕೊಠಡಿಯೇ ಆಗಲಿ, ಬೆಳಿಗ್ಗೆ ಕೆಲಸ ಹಂಚುವ ಹೊತ್ತಿನಲ್ಲಿ, ತಂಡದವರೆಲ್ಲ ನಿಂತಿರುವಾಗ ಆಗಲಿ. ಕೊಡುವ ವಸ್ತು ಆ ಕೇಂದ್ರದ ಬದುಕಿನಿಂದಲೇ ಬರಲಿ. ನೂರಾರು ಮಿಷನ್ನುಗಳಲ್ಲಿ ಮಕ್ಕಳ ಕೈಗೆ ಸವೆದು ಬದಲಾಯಿಸಿದ ಹಳೆಯ ಸ್ವಿಚ್ಚೊಂದನ್ನು ಮರದ ಪಟ್ಟಿಗೆ ಕೂರಿಸಿ ಕೊಟ್ಟರೆ, ಅಂಗಡಿಯಿಂದ ತಂದ ಗಾಜಿನ ಫಲಕಕ್ಕಿಂತ ಅದು ಹೆಚ್ಚು ಮಾತಾಡುತ್ತದೆ. ಸಂಖ್ಯೆ ಕಡಿಮೆಯಿರಲಿ. ಮುಖ್ಯಸ್ಥರು ಆ ಪಟ್ಟಿಯಿಂದ ಹೊರಗಿರಲಿ.

ಹೆಸರು ಸೂಚಿಸುವುದು, ಆರಿಸುವುದು

ಆಯ್ಕೆ ಒಬ್ಬರ ಇಷ್ಟಾನಿಷ್ಟಕ್ಕೆ ಬಿದ್ದರೆ ಗೌರವ ಪಡೆದವರಿಗೂ ಮುಜುಗರ, ಪಡೆಯದವರಿಗೂ ಬೇಸರ. ಇದಕ್ಕೆ ಸರಳ ವಿಧಾನವಿದೆ.

ಮೊದಲು ಮಾನದಂಡಗಳನ್ನು ಬರೆದು ಎಲ್ಲರಿಗೂ ಕಾಣುವ ಕಡೆ ಅಂಟಿಸಬೇಕು. ಮಕ್ಕಳ ಕಲಿಕೆಗೆ ಆದ ನೆರವು, ಸುರಕ್ಷತೆ, ಹೊಸಬರಿಗೆ ಕಲಿಸಿದ್ದು, ಕಷ್ಟದ ದಿನ ಕೈಬಿಡದೆ ನಿಂತದ್ದು, ಈ ನಾಲ್ಕು ಸಾಕು. ಎರಡನೆಯದು, ಯಾರು ಬೇಕಾದರೂ ಯಾರ ಹೆಸರನ್ನಾದರೂ ಸೂಚಿಸಬಹುದಾದ ಅರ್ಧ ಪುಟದ ನಮೂನೆ. ಅದರಲ್ಲಿ ಒಂದೇ ಪ್ರಶ್ನೆ ಇರಲಿ: ಇವರು ಯಾವ ದಿನ, ಏನು ಮಾಡಿದರು, ಅದರಿಂದ ಯಾರಿಗೆ ಏನಾಯಿತು? ಒಳ್ಳೆಯವರು, ಶ್ರಮಜೀವಿ ಎಂಬ ಗುಣವಾಚಕಗಳಿಗೆ ಅಲ್ಲಿ ಜಾಗ ಇರಬಾರದು. ಮೂರನೆಯದು, ಒಬ್ಬ ಸಿಬ್ಬಂದಿ, ಒಬ್ಬ ಸ್ವಯಂಸೇವಕ, ಹೊರಗಿನ ಒಬ್ಬ ಶಿಕ್ಷಕ ಸೇರಿದ ಮೂವರ ಆಯ್ಕೆ ಸಮಿತಿ. ಅವರು ವರ್ಷವರ್ಷ ಬದಲಾಗಬೇಕು, ಸಮಿತಿಯಲ್ಲಿರುವ ವರ್ಷ ಅವರು ಯಾರೂ ಗೌರವಕ್ಕೆ ಅರ್ಹರಲ್ಲ. ನಾಲ್ಕನೆಯದು, ಆಯ್ಕೆಯಾದವರನ್ನು ಮೊದಲೇ ಕೇಳುವುದು. ವೇದಿಕೆ ಹತ್ತಲು ಇಷ್ಟವಿಲ್ಲದವರೂ ಇದ್ದಾರೆ. ಅವರಿಗೆ ನಿರ್ದೇಶಕರ ಕೈಬರಹದ ಪತ್ರವೊಂದು ಚಪ್ಪಾಳೆಗಿಂತ ಹಿತವಾಗಬಹುದು. ಫೋಟೋ ಪ್ರಕಟಿಸಲು ಒಪ್ಪಿಗೆ ಬೇಕು, ಹದಿನೆಂಟು ತುಂಬದ ಸ್ವಯಂಸೇವಕರಾದರೆ ಹೆತ್ತವರ ಒಪ್ಪಿಗೆಯೂ ಬೇಕು.

ಐದನೆಯದು ಬಿನ್ನವತ್ತಳೆ. ಮನ್ನಣೆ ಗೆಲ್ಲುವುದೂ ಸೋಲುವುದೂ ಇಲ್ಲಿಯೇ. ಎರಡು ಬಗೆಯ ಒಕ್ಕಣೆ ನೋಡಿ. ಒಂದು: “ನಮ್ಮ ಕೇಂದ್ರಕ್ಕೆ ತಾವು ಸಲ್ಲಿಸಿದ ನಿಸ್ವಾರ್ಥ, ಅಮೂಲ್ಯ ಸೇವೆಯನ್ನು ಸ್ಮರಿಸಿ ಈ ಗೌರವ ಸಲ್ಲಿಸುತ್ತಿದ್ದೇವೆ.” ಇದನ್ನು ಹೆಸರು ಬದಲಾಯಿಸಿ ಯಾರಿಗೆ ಬೇಕಾದರೂ ಕೊಡಬಹುದು. ಇನ್ನೊಂದು: “ಮಂಗಳದ ಮಿಷನ್ನಿನಲ್ಲಿ ಸಂಪರ್ಕ ತಂಡದ ಹುಡುಗಿಯೊಬ್ಬಳು ಮೈಕ್ ಮುಂದೆ ಮಾತೇ ಹೊರಡದೆ ಕೂತಿದ್ದಾಗ, ತಾವು ಪಕ್ಕದಲ್ಲಿ ಮಂಡಿಯೂರಿ ಕೂತು ಮೊದಲ ಸಂದೇಶವನ್ನು ಅವಳ ಜೊತೆ ಓದಿದಿರಿ. ಎರಡನೆಯ ಸಂದೇಶವನ್ನು ಅವಳು ಒಬ್ಬಳೇ ಓದಿದಳು. ಅವಳ ಶಿಕ್ಷಕಿ ಇದನ್ನು ನಮಗೆ ಬರೆದು ತಿಳಿಸಿದ್ದಾರೆ.” ಎರಡನೆಯದನ್ನು ಕೇಳಿದ ಹೊಸ ಸ್ವಯಂಸೇವಕರಿಗೆ ತಾವೇನು ಮಾಡಬೇಕೆಂದು ತರಬೇತಿಯಿಲ್ಲದೆಯೇ ಗೊತ್ತಾಗುತ್ತದೆ. ಗೌರವದ ಮಾತು ನಿಖರವಾಗಿದ್ದರೆ ಅದೇ ಪಾಠವೂ ಆಗುತ್ತದೆ.

ಆರನೆಯದು ಹೊತ್ತು. ಮೇ ತಿಂಗಳಲ್ಲಿ ಮಾಡಿದ ಕೆಲಸಕ್ಕೆ ಮುಂದಿನ ಏಪ್ರಿಲಿನಲ್ಲಿ ಧನ್ಯವಾದ ಹೇಳಿದರೆ ಮಾಡಿದವರಿಗೇ ಅದು ಮರೆತಿರುತ್ತದೆ. ದೊಡ್ಡ ಗೌರವ ವರ್ಷಕ್ಕೊಮ್ಮೆ ಇರಲಿ, ಚಿಕ್ಕ ಮೆಚ್ಚುಗೆ ಅದೇ ವಾರ ಸಲ್ಲಲಿ.

ನಿಲ್ಲಿಸಿ ಎಂದವರನ್ನೂ ಗೌರವಿಸಬೇಕು

ಚಾಲೆಂಜರ್ ಹೆಸರು ಹೊತ್ತ ಕೇಂದ್ರಕ್ಕೆ ಇನ್ನೊಂದು ವಿಶೇಷ ಹೊಣೆಯಿದೆ. ಉಡಾವಣೆಯ ಹಿಂದಿನ ರಾತ್ರಿ, 1986ರ ಜನವರಿ 27ರಂದು, ರಾಕೆಟ್ ಬೂಸ್ಟರ್ ತಯಾರಿಸಿದ್ದ ಮಾರ್ಟನ್ ಥಿಯೋಕಾಲ್ ಕಂಪನಿಯ ಎಂಜಿನಿಯರುಗಳು ದೂರವಾಣಿ ಸಭೆಯಲ್ಲಿ ಎಚ್ಚರಿಸಿದ್ದರು. ವಿಪರೀತ ಚಳಿಗೆ ಬೂಸ್ಟರಿನ ಕೀಲುಗಳಲ್ಲಿರುವ ರಬ್ಬರ್ ಬಳೆಗಳು ಗಡುಸಾಗುತ್ತವೆ, ಬಿಸಿ ಅನಿಲವನ್ನು ತಡೆಯಲಾರವು, ಉಡಾಯಿಸಬೇಡಿ ಎಂದರು. ಅವರಲ್ಲಿ ಮುಖ್ಯರು ರೋಜರ್ ಬಾಯ್ಜೋಲಿ. ಕಂಪನಿಯ ಪರವಾಗಿ ಉಡಾವಣಾ ಕೇಂದ್ರದಲ್ಲಿದ್ದ ಅಲನ್ ಮೆಕ್‌ಡೊನಾಲ್ಡ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ನಿರಾಕರಿಸಿದರು. ಮೇಲಿನವರು ಮಾತು ಕೇಳಲಿಲ್ಲ. ಅಪಘಾತದ ನಂತರ ತನಿಖೆಯಲ್ಲಿ ಸತ್ಯ ಹೇಳಿದ್ದಕ್ಕೆ ಇಬ್ಬರೂ ತಮ್ಮ ಕಂಪನಿಯಲ್ಲೇ ಮೂಲೆಗುಂಪಾದರು. ಮೆಕ್‌ಡೊನಾಲ್ಡ್ ಅವರಿಗೆ ಸ್ಥಾನ ಮರಳಿದ್ದು ಅಮೆರಿಕದ ಸಂಸತ್ತಿನ ಒತ್ತಡದಿಂದ. ಮುಂದೆ ಬೂಸ್ಟರಿನ ಮರುವಿನ್ಯಾಸದ ನೇತೃತ್ವ ಅವರದೇ ಆಯಿತು. ಬಾಯ್ಜೋಲಿಯವರಿಗೆ 1988ರಲ್ಲಿ ಅಮೆರಿಕದ ವಿಜ್ಞಾನ ಪ್ರಗತಿ ಸಂಘ ವೈಜ್ಞಾನಿಕ ಸ್ವಾತಂತ್ರ್ಯ ಮತ್ತು ಹೊಣೆಗಾರಿಕೆಯ ಪ್ರಶಸ್ತಿ ನೀಡಿತು.

ಬೇಡ ಎಂದವರಿಗೆ ಬೆಲೆಯಿಲ್ಲದ ಕಡೆ ಬೇಡ ಎನ್ನುವವರು ಕಡಿಮೆಯಾಗುತ್ತಾರೆ. ಕಲಿಕಾ ಕೇಂದ್ರದಲ್ಲಿ ಪ್ರಾಣಾಪಾಯದ ಮಟ್ಟ ಅಷ್ಟಿರದಿದ್ದರೂ ತತ್ವ ಅದೇ. ವಿದ್ಯುತ್ ತಂತಿ ಬಿಸಿಯಾಗಿರುವುದನ್ನು ಕಂಡು ತುಂಬಿದ ಮಿಷನ್ನನ್ನು ಅರ್ಧಕ್ಕೆ ನಿಲ್ಲಿಸಿದವರು, ಮಕ್ಕಳ ಎಣಿಕೆ ಒಂದು ಕಡಿಮೆ ಬಂತೆಂದು ಬಸ್ಸನ್ನು ತಡೆದವರು, ಕತೆಯಲ್ಲಿ ಬಳಸಿದ ವಿಜ್ಞಾನದ ಅಂಕಿ ತಪ್ಪಿದೆ ಎಂದು ನಿರ್ದೇಶಕರಿಗೇ ಹೇಳಿದವರು, ಇವರೆಲ್ಲ ಆ ಕ್ಷಣಕ್ಕೆ ತೊಡಕಾಗಿ ಕಾಣುತ್ತಾರೆ. ಅವರ ಹೆಸರನ್ನು ಎಲ್ಲರ ಎದುರು ಹೇಳಿ ಧನ್ಯವಾದ ಅರ್ಪಿಸುವ ಒಂದು ಗೌರವ ವರ್ಷಕ್ಕೊಮ್ಮೆಯಾದರೂ ಇರಬೇಕು. ಆ ಏಳು ಜನರ ನೆನಪಿಗೆ ಕಟ್ಟಿದ ಜಾಗದಲ್ಲಿ ಇದಕ್ಕಿಂತ ಯೋಗ್ಯವಾದ ಪ್ರಶಸ್ತಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಹೊಣೆ, ಬಿರುದು, ಅವಕಾಶ

ಹೆಚ್ಚು ಕಾಲ ಬಾಳುವ ಮನ್ನಣೆಗಳು ವಸ್ತುವಿನ ರೂಪದಲ್ಲಿ ಇರುವುದಿಲ್ಲ. ಉದಾಹರಣೆಗೆ, ಅಲಬಾಮಾ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ 1970ರಲ್ಲಿ ತೆರೆದ ಯು.ಎಸ್. ಸ್ಪೇಸ್ ಆ್ಯಂಡ್ ರಾಕೆಟ್ ಸೆಂಟರ್ ಇದೆ. 1982ರಲ್ಲಿ ಮಕ್ಕಳಿಗಾಗಿ ಸ್ಪೇಸ್ ಕ್ಯಾಂಪ್ ಶುರುವಾದದ್ದು ಅಲ್ಲಿಯೇ. ಅಲ್ಲಿನ ವಿಶಾಲ ಸಭಾಂಗಣದಲ್ಲಿ ಸ್ಯಾಟರ್ನ್ 5 ರಾಕೆಟ್ಟನ್ನು ಅಡ್ಡಡ್ಡ ಮಲಗಿಸಿ ಇಟ್ಟಿದ್ದಾರೆ. ಅದರ ಅಡಿಯಲ್ಲಿ ಬಂದವರಿಗೆ ವಿವರಿಸುವವರಲ್ಲಿ ನಾಸಾದಿಂದ ನಿವೃತ್ತರಾದ ಎಂಜಿನಿಯರುಗಳೂ ಇದ್ದಾರೆ. ನಾಸಾ ಎಮೆರಿಟಸ್ ಎಂಬ ಬಿರುದಿನೊಂದಿಗೆ ಅವರು ಸ್ವಯಂಸೇವೆ ಮಾಡುತ್ತಾರೆ. ಬದುಕಿಡೀ ಗಳಿಸಿದ ತಿಳಿವಳಿಕೆಯನ್ನು ಕೇಳಲು ಜನರಿದ್ದಾರೆ ಎಂಬುದೇ ಅವರಿಗೆ ಸಲ್ಲುವ ಗೌರವ.

ನಾಸಾದ ಸ್ಪೇಸ್ ಫ್ಲೈಟ್ ಅವೇರ್‌ನೆಸ್ ಕಾರ್ಯಕ್ರಮ ಇನ್ನೊಂದು ದಾರಿ ತೋರಿಸಿದೆ. ಅದರ ಒಂದು ಪ್ರಶಸ್ತಿಗೆ ಆಯ್ಕೆಯಾದ ನೌಕರರನ್ನು ಉಡಾವಣೆ ನೋಡಲು ಕರೆದೊಯ್ಯುತ್ತಿದ್ದರು. ಎಲ್ಲೋ ದೂರದ ಕಾರ್ಖಾನೆಯಲ್ಲಿ ಒಂದು ಭಾಗವನ್ನಷ್ಟೇ ಮಾಡಿದವರು ಅದು ಆಕಾಶಕ್ಕೇರುವುದನ್ನು ಕಣ್ಣಾರೆ ಕಾಣುತ್ತಿದ್ದರು. ಕಲಿಕಾ ಕೇಂದ್ರದಲ್ಲಿ ಲೆಕ್ಕ ಬರೆಯುವವರನ್ನು, ಗುಡಿಸುವವರನ್ನು, ಆಡಳಿತ ಮಂಡಳಿಯವರನ್ನು ಒಂದು ದಿನ ಕೂರಿಸಿ ಪೂರ್ತಿ ಮಿಷನ್ ಆಡಿಸಬೇಕು. ತಮ್ಮ ದುಡಿಮೆ ಯಾವುದಕ್ಕೆ ಸೇರುತ್ತದೆ ಎಂದು ಅವರಿಗೂ ಕಾಣಬೇಕು.

ಸ್ವಯಂಸೇವಕರಿಗೆ ಮೆಟ್ಟಿಲುಗಳಿರಲಿ. ಮೊದಲು ಸ್ವಾಗತದ ಮೇಜು, ಆಮೇಲೆ ಒಂದು ತಂಡದ ನೆರವು, ತರಬೇತಿಯ ಬಳಿಕ ಹೊಸಬರಿಗೆ ಕಲಿಸುವ ಹೊಣೆ. ನಂಬಿಕೆಯಿಂದ ಕೊಟ್ಟ ಕೋಣೆಯ ಬೀಗದ ಕೈ, ಹೊಸ ಮಿಷನ್ನಿನ ಕತೆ ಬರೆಯುವ ಸಭೆಗೆ ಕರೆ, ಕಾಲೇಜು ಪ್ರವೇಶಕ್ಕೆ ಹೊರಟ ಹುಡುಗನಿಗೆ ಅವನ ಕೆಲಸವನ್ನು ವಿವರವಾಗಿ ಬರೆದ ಶಿಫಾರಸು ಪತ್ರ, ಸಿಬ್ಬಂದಿಗೆ ಶಿಕ್ಷಣ ಸಮ್ಮೇಳನಕ್ಕೆ ಹೋಗಿಬರಲು ರಜೆ ಮತ್ತು ಖರ್ಚು. ಇವುಗಳ ಬೆಲೆ ವರ್ಷಗಳು ಕಳೆದಷ್ಟೂ ಏರುತ್ತದೆ.

ನಮ್ಮ ನೆಲದಲ್ಲಿ

ಕರ್ನಾಟಕದಲ್ಲೂ ಇಂಥ ಜಾಗಗಳಿವೆ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ 1989ರಲ್ಲಿ ಆರಂಭವಾಗಿ, 1992ರಿಂದ ಬೆಂಗಳೂರು ವಿಜ್ಞಾನ ಶಿಕ್ಷಣ ಸಂಘದ ಆಡಳಿತದಲ್ಲಿ ನಡೆಯುತ್ತಿದೆ. ಮಂಗಳೂರಿನ ಪಿಲಿಕುಳದಲ್ಲಿ ಸ್ವಾಮಿ ವಿವೇಕಾನಂದ ತಾರಾಲಯ 2018ರಲ್ಲಿ ತೆರೆಯಿತು. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಕಂಕಣ ಸೂರ್ಯಗ್ರಹಣ ಕಂಡಿತ್ತು. ಬೆಂಗಳೂರಿನಲ್ಲಿ ವರ್ಷಕ್ಕೆರಡು ಬಾರಿ, ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮಧ್ಯಭಾಗದಲ್ಲಿ, ನಡುಹಗಲ ನೆರಳು ಕಾಲಡಿಗೆ ಸೇರುವ ದಿನ ಬರುತ್ತದೆ. ಇಂಥ ದಿನಗಳಲ್ಲಿ ದೂರದರ್ಶಕದ ಹಿಂದೆ ನಿಂತು ಸಾಲಿನಲ್ಲಿರುವ ಒಬ್ಬೊಬ್ಬರಿಗೂ ಅದೇ ಉತ್ಸಾಹದಿಂದ ವಿವರಿಸುವವರು, ಸೌರ ಕನ್ನಡಕ ಹಂಚುವವರು, ಗ್ರಹಣದಲ್ಲಿ ಊಟ ಮಾಡಬಹುದೇ ಎಂದು ಕೇಳುವ ಅಜ್ಜಿಗೆ ಗೌರವದಿಂದ ಉತ್ತರಿಸುವವರು ನಮ್ಮಲ್ಲೂ ಇದ್ದಾರೆ.

ನಮ್ಮಲ್ಲಿ ಸನ್ಮಾನದ ಸಂಪ್ರದಾಯ ಗಟ್ಟಿಯಾಗಿದೆ. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಎಲ್ಲಕ್ಕೂ ಒಂದು ಘನತೆಯಿದೆ. ಅದನ್ನು ಬಿಡಬೇಕಾಗಿಲ್ಲ. ಅದು ಹೆಚ್ಚಾಗಿ ಮುಖ್ಯ ಅತಿಥಿಗೆ, ದಾನಿಗೆ, ಅಧಿಕಾರಿಗೆ ಹೋಗುವುದನ್ನು ತಿದ್ದಬೇಕಾಗಿದೆ. ಆ ಶಾಲನ್ನು ಪ್ರೊಜೆಕ್ಟರ್ ನಡೆಸುವ ತಂತ್ರಜ್ಞರಿಗೆ, ಟಿಕೆಟ್ ಕಿಟಕಿಯಲ್ಲಿ ಕೂತವರಿಗೆ, ದೂರದರ್ಶಕ ಹೊತ್ತು ಹಳ್ಳಿ ಶಾಲೆಗೆ ಹೋಗಿ ಬಂದ ವಿದ್ಯಾರ್ಥಿನಿಗೆ ಹೊದಿಸಬೇಕು. ಹೊದಿಸುವ ಮೊದಲು ಅವರು ಮಾಡಿದ್ದೇನೆಂದು ಎರಡು ನಿಮಿಷ ಓದಬೇಕು. ಬಿನ್ನವತ್ತಳೆ ಓದುವ ಪದ್ಧತಿ ನಮಗೆ ಹೊಸದಲ್ಲ. ಅದರಲ್ಲಿ ವಿಶೇಷಣಗಳನ್ನು ಇಳಿಸಿ, ನಡೆದ ಸಂಗತಿಗಳನ್ನು ಏರಿಸಬೇಕು.

ವರ್ಷದ ಯೋಜನೆ

ಹೊಸದಾಗಿ ಶುರು ಮಾಡುವ ಕೇಂದ್ರಕ್ಕೆ ಒಂದು ಸರಳ ಕ್ಯಾಲೆಂಡರ್ ಸಾಕು. ಜನವರಿ ಕೊನೆಯಲ್ಲಿ ನಾಸಾ ತನ್ನ ಅಗಲಿದವರನ್ನು ಸ್ಮರಿಸುವ ದಿನ ಆಚರಿಸುತ್ತದೆ, ಸುರಕ್ಷತೆಗಾಗಿ ದನಿ ಎತ್ತಿದವರ ಗೌರವಕ್ಕೆ ಅದು ತಕ್ಕ ಹೊತ್ತು. ಏಪ್ರಿಲಿನಲ್ಲಿ ಅಮೆರಿಕದವರು 1974ರಿಂದ ರಾಷ್ಟ್ರೀಯ ಸ್ವಯಂಸೇವಾ ವಾರ ಆಚರಿಸುತ್ತ ಬಂದಿದ್ದಾರೆ. ನಮ್ಮಲ್ಲಿ ಚಂದ್ರಯಾನ-3 ಇಳಿದ ಆಗಸ್ಟ್ 23 ರಾಷ್ಟ್ರೀಯ ಬಾಹ್ಯಾಕಾಶ ದಿನ. ಅಕ್ಟೋಬರ್ 4ರಿಂದ 10ರವರೆಗೆ ವಿಶ್ವ ಬಾಹ್ಯಾಕಾಶ ಸಪ್ತಾಹ, ಸಿಬ್ಬಂದಿಯ ಸೇವಾಪದಕಗಳಿಗೆ ಅದು ಹೊಂದುತ್ತದೆ. ಡಿಸೆಂಬರ್ 5 ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ, ಗಂಟೆಗಳ ಪಟ್ಟಿ ಪ್ರಕಟಿಸಲು ಒಳ್ಳೆಯ ದಿನ.

ಇವುಗಳ ನಡುವಿನ ದಿನಗಳಿಗೆ ಒಂದೇ ನಿಯಮ. ಪ್ರತಿ ವಾರ ಕೊನೆಯ ಮಿಷನ್ ಮುಗಿದ ಮೇಲೆ ಹತ್ತು ನಿಮಿಷ ಎಲ್ಲರೂ ನಿಲ್ಲಬೇಕು. ಆ ವಾರ ಯಾರಿಂದ ಯಾವ ಕೆಲಸ ಚೆನ್ನಾಯಿತೆಂದು ಒಬ್ಬೊಬ್ಬರೂ ಒಂದೊಂದು ಮಾತಿನಲ್ಲಿ ಹೇಳಬೇಕು, ಒಬ್ಬರು ಅದನ್ನು ಬರೆದುಕೊಳ್ಳಬೇಕು. ವರ್ಷದ ಕೊನೆಗೆ ಆ ಪುಸ್ತಕವೇ ನಾಮನಿರ್ದೇಶನದ ಪಟ್ಟಿಯಾಗುತ್ತದೆ, ಬಿನ್ನವತ್ತಳೆಗೆ ಸಾಮಗ್ರಿಯಾಗುತ್ತದೆ, ಮುಂದೆ ಬರುವ ಸ್ವಯಂಸೇವಕರಿಗೆ ಕೈಪಿಡಿಯಾಗುತ್ತದೆ. ಹಣ ಒದಗಿದ ಮೇಲೆ ಫಲಕ, ಪದಕ, ಊಟ ಎಲ್ಲವೂ ಬರಲಿ. ಹತ್ತು ನಿಮಿಷ ಮತ್ತು ಒಂದು ಪುಸ್ತಕಕ್ಕೆ ಕಾಯುವ ಅಗತ್ಯವಿಲ್ಲ, ಈ ವಾರದಿಂದಲೇ ಶುರು ಮಾಡಬಹುದು.